ಹಾಲಗಂಬಕ್ಕೆ ಬಂದ ಬಿಳಿ ಮರ

ಇವತ್ತು ಬೆಳಿಗ್ಗೆ ಶಾಲೆಗೆ ಹೊರಡಲು ಗಾಡಿ ಚಾಲೂ ಮಾಡುವಷ್ಟರಲ್ಲಿ ಫೋನಿಗೆ ಒಂದು ಫೋಟೊ ಬಂತು. ಕಳಿಸಿದವರು ಮಾವ, ನಮ್ಮ ಅವ್ವನ ಅಣ್ಣ. ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುವ ಏನೋ ಒಂದು, ಹಿಂದೆ ಬಂಡೆ, ಮೂಲೆಯಲ್ಲಿ ನೀಲಿ ಬಣ್ಣದ ಒಂದು ಮುದ್ದೆ. ಜೊತೆಗೆ ಮಾವನ ಧ್ವನಿ: "ಅಳಿಯಾ, ಇದು ಯಾವ ಗಿಡ, ಹೇಳು ನೋಡೂಣು!"

ಸಸ್ಯಶಾಸ್ತ್ರ ಓದಿದವನ ಪಾಡು ಯಾರಿಗೂ ಬೇಡ. ಡಾಕ್ಟರ ಮುಂದೆ ರೋಗಿ ನಾಲಿಗೆಯನ್ನಾದರೂ ಚಾಚುತ್ತಾನೆ. ನನಗೆ ಬರುವುದು ಆಡು ತಿಂದು ಉಳಿಸಿದ ಅರ್ಧ ಎಲೆ, ಇಲ್ಲವೆ ಓಡುವ ಬಸ್ಸಿನ ಕಿಟಕಿಯಿಂದ ತೆಗೆದ ಹಸಿರು ಗೆರೆ. ಕುಷ್ಟಗಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿ ಇಷ್ಟು ವರ್ಷವಾದರೂ ಈ ಪರೀಕ್ಷೆ ಮುಗಿದಿಲ್ಲ. ಅದನ್ನು ಶುರು ಮಾಡಿದವರು ಮಾವನೇ, ನಮ್ಮ ಅಕ್ಕನ ಮದುವೆಯಲ್ಲಿ.

ಆಗ ನಾನು ಕೊಪ್ಪಳದಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಬೇವೂರಿನ ಆಚೆ, ಗುಡ್ಡದ ಬುಡದಲ್ಲಿರುವ ಊರು ನಮ್ಮದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹತ್ತುವಾಗ ಎಷ್ಟು ಸಲ ಜಾರಿದೆ ಎಂಬುದು ಇಲ್ಲಿ ಬೇಡ ಬಿಡಿ, ಹತ್ತಿದ್ದಂತೂ ನಿಜ. ಅಪ್ಪ ಮದುವೆಗೆ ಕರೆಯಲು ಹೋದ ಮನೆಯಲ್ಲೆಲ್ಲ ಮದುವೆಯ ಸುದ್ದಿಗಿಂತ ಮೊದಲು "ನಮ್ಮ ಹುಡುಗ ಗಿಡದಾಗ ಡಿಗ್ರಿ ಮಾಡ್ಯಾನ" ಎನ್ನುತ್ತಿದ್ದ. ಕೇಳಿದವರಲ್ಲಿ ಕೆಲವರು, ಪಾಪ, ನಾನು ಗಿಡದ ಮೇಲೆ ಕುಳಿತೇ ಓದಿದೆ ಎಂದುಕೊಂಡಿರಬೇಕು.

ನಮ್ಮಲ್ಲಿ ಮದುವೆಯ ಹಂದರಕ್ಕೆ ಮೊದಲು ನಿಲ್ಲುವುದು ಹಾಲಗಂಬ. ಕಡಿದರೆ ಹಾಲು ಒಸರುವ ಮರದ್ದೇ ಆಗಬೇಕು, ಅದನ್ನು ಹುಡುಗಿಯ ಸೋದರಮಾವನೇ ತರಬೇಕು. ಊರಿನವರೆಲ್ಲ ಬಾವಿಯ ದಂಡೆಯ ಅತ್ತಿ ಮರವನ್ನೇ ಕಡಿದು ಕಡಿದು, ಆ ವರ್ಷ ಅದರಲ್ಲಿ ಬೆರಳುಗಾತ್ರದ ಚಿಗುರು ಬಿಟ್ಟರೆ ಏನೂ ಉಳಿದಿರಲಿಲ್ಲ. ಮಾವ ಸೋಲುವ ಪೈಕಿಯವರಲ್ಲ. ಕೊಡಲಿ ಹಿಡಿದು ಗುಡ್ಡ ಹತ್ತಿದರು. ಮಧ್ಯಾಹ್ನ ಡೊಳ್ಳಿನವರನ್ನು ಮುಂದೆ ಮಾಡಿಕೊಂಡು ಒಂದು ಟೊಂಗೆಯನ್ನು ಹೆಗಲ ಮೇಲೆ ಹೊತ್ತು ತಂದರು.

ಅಂಥ ಟೊಂಗೆಯನ್ನು ನಾವು ಯಾರೂ ನೋಡಿರಲಿಲ್ಲ. ಸುಣ್ಣ ಬಳಿದಂತೆ ಬೆಳ್ಳಗೆ. ತೊಗಟೆ ಕಾಗದದ ಹಾಗೆ ಸುಲಿಯುತ್ತಿತ್ತು. ಬೇಸಿಗೆಯಾದ್ದರಿಂದ ಒಂದೇ ಒಂದು ಎಲೆ ಇರಲಿಲ್ಲ. ಶೃಂಗಾರಕ್ಕಿರಲಿ ಎಂದು ಮಾವ ಅದೇ ಮರದ ಕೆಂಪು ಕಾಯಿಗಳನ್ನು ಟೊಂಗೆಯ ತುದಿಗೆ ತೋರಣದಂತೆ ಕಟ್ಟಿದ್ದರು. ಐದು ಮೂಲೆಯ ನಕ್ಷತ್ರದಂಥ, ಮಖಮಲ್ಲಿನಂಥ ಕಾಯಿಗಳು. ಕಡಿದ ಬಾಯಲ್ಲಿ ಬೆಳ್ಳಗೆ ಏನೋ ಉಬ್ಬಿ ನಿಂತಿತ್ತು.

"ಹಾಲು! ನೋಡ್ರಿ, ಹೆಂಗ ಹಾಲು ಬಂದೈತಿ!" ಎಂದರು ಮಾವ.

ವ್ಯವಸ್ಥೆ ನೋಡಲು ಗಂಗಾವತಿಯಿಂದ ಬೀಗರ ಕಡೆಯ ಹಿರಿಯರೊಬ್ಬರು ಅಂದೇ ಬಂದಿದ್ದರು. ಕಾಲುವೆ ನೀರು ಹರಿಯುವ ಸೀಮೆಯ ಗತ್ತಿನ ಮನುಷ್ಯ. "ನಿಮ್ಮ ಸೀಮ್ಯಾಗ ಗಿಡಾನೂ ಒಣಗೇ ಹುಟ್ಟತಾವೇನ್ರಿ? ಇದರ ಹೆಸರರ ಏನು? ಹೆಸರಿಲ್ಲದ ಗಿಡ ಹಾಲಗಂಬ ಹೆಂಗ ಆಕೈತಿ?" ಎಂದರು.

ಡೊಳ್ಳು ನಿಂತಿತು. ಅಪ್ಪ ನನ್ನ ಕಡೆ ತಿರುಗಿದ. ಇಷ್ಟು ದಿನ ಊರೂರು ಹೇಳಿಕೊಂಡು ಬಂದದ್ದೆಲ್ಲ ಆ ಒಂದು ನೋಟದಲ್ಲಿತ್ತು. "ಹೇಳಪಾ, ಯಾವ ಗಿಡ ಅಂತ ಹೇಳು ಇವರಿಗೆ."

ಪರೀಕ್ಷೆಯಲ್ಲಿ ನಮಗೆ ಹೂವು ಕೊಟ್ಟು ಹೆಸರು ಕೇಳುತ್ತಿದ್ದರು. ಇಲ್ಲಿ ಹೂವಿಲ್ಲ, ಎಲೆಯಿಲ್ಲ, ಇಡೀ ಮರವೇ ಗುಡ್ಡದಲ್ಲಿ ಉಳಿದಿದೆ. "ಹೂ ನೋಡದ ಹೇಳಾಕ ಬರೂದಿಲ್ರಿ" ಎಂದೆ.

"ಹೂವೇನು ಕಮ್ಮಿ ಆಗ್ಯಾವ? ಕುಕನೂರಿಂದ ಒಂದು ಬುಟ್ಟಿ ತರಿಸೇವಿ" ಎಂದು ಮಾವ ಮಲ್ಲಿಗೆ ತೋರಿಸಿದರು.

ಟೊಂಗೆಯ ಬಾಯಲ್ಲಿ ಉಬ್ಬಿದ್ದನ್ನು ನಾನು ಮುಟ್ಟಿ ನೋಡಿದೆ. ಜಿಗುಟು. ಹರಿಯುತ್ತಿಲ್ಲ, ಎಳೆದರೆ ನೂಲಿನಂತೆ ಬರುತ್ತಿದೆ. "ಇದು ಹಾಲಲ್ಲ ಮಾವಾ, ಅಂಟು. ಗಿಡದ ಹೆಸರು ಮಾತ್ರ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಾಕ ಅಷ್ಟು ವರ್ಷ ಓದಬೇಕಾತೇನು?" ಎಂದ ಅಪ್ಪ, ಮೆಲ್ಲಗೆ. ಜೋರಾಗಿ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಳಗೆ ಅರಿಶಿಣ ಹಚ್ಚಿಸಿಕೊಳ್ಳುತ್ತಿದ್ದ ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಸುಳ್ಳು ಹೆಸರೊಂದು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಮಾವ ಕತ್ತು ಕೆರೆದುಕೊಂಡರು. ಆಮೇಲೆ ಮೊಳಕೈ. ಆಮೇಲೆ ಟೊಂಗೆ ಹೊತ್ತಿದ್ದ ಹೆಗಲು. "ಚೊಲೋ ನುಣ್ಣಗ ಅದಾವಲ್ಲ" ಎಂದು ಕಾಯಿಗಳನ್ನು ಸವರುತ್ತ ನಿಂತಿದ್ದ ಬೀಗರು ಅದೇ ಕೈಯಿಂದ ಮೀಸೆ ತಿರುವಿದ್ದರು. ಈಗ ಮೀಸೆಯ ಎರಡೂ ಕಡೆ ಕೆರೆಯತೊಡಗಿದರು. ತೋರಣ ಸರಿಮಾಡಲು ಹೋಗಿದ್ದ ಡೊಳ್ಳಿನವನೊಬ್ಬ ಡೊಳ್ಳು ಬಾರಿಸುವ ಗುಣಿಕೆಯಿಂದಲೇ ಬೆನ್ನು ತುರಿಸಿಕೊಳ್ಳುತ್ತಿದ್ದ.

ನನ್ನ ತಲೆಯಲ್ಲಿ ದೀಪ ಹೊತ್ತಿತು. ನಮ್ಮ ಗುರುಗಳು ತರಗತಿಯಲ್ಲಿ ಹೇಳಿದ್ದರು: ಕಲ್ಲುಗುಡ್ಡದಲ್ಲಿ ಅಪರೂಪಕ್ಕೊಂದು ಮರ, ಬಿಳಿ ತೊಗಟೆ, ಅಂಟು ಕೊಡುತ್ತದೆ, ಕಾಯಿಯ ಮೈಮೇಲಿನ ರೋಮ ತಾಕಿದರೆ ಉರಿ. ಆ ಉರಿಯೇ ಅದರ ಹೆಸರಿನ ಎರಡನೆಯ ಮಾತು.

"ಸ್ಟರ್ಕ್ಯುಲಿಯಾ ಯೂರೆನ್ಸ್!" ಎಂದು ಕೂಗಿದೆ.

"ಅಂದ್ರ ಔಷಧೇನು?" ಎಂದರು ಬೀಗರು, ಆಸೆಯಿಂದ.

ಅಪ್ಪನ ಎದೆ ಉಬ್ಬಿತು. ಅರ್ಧ ಊರು ಮೈ ಕೆರೆಯುತ್ತಿರುವಾಗ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. "ಇನ್ನೊಮ್ಮೆ ಹೇಳು. ಹಿಂದ ನಿಂತವರಿಗೆ ಕೇಳಿಲ್ಲ" ಎಂದ.

ಹೆಸರು ಸಿಕ್ಕಿತು, ಆದರೆ ಹಾಲು ಸಿಗಲಿಲ್ಲ. ಆ ಕಂಬ ಬೇಡವೆಂದರೆ ಮಾವನಿಗೆ ಅವಮಾನ, ಬೇಕೆಂದರೆ ಶಾಸ್ತ್ರಕ್ಕೆ. ಕೊಬ್ಬರಿ ಎಣ್ಣೆ ಹಿಡಿದು ಬಂದ ಅವ್ವ ಎಲ್ಲರನ್ನೂ ಒಮ್ಮೆ ನೋಡಿದಳು. ಕಾಯಿಗಳನ್ನು ಕೋಲಿನಿಂದ ಉದುರಿಸಿದಳು. ಬಾವಿಯ ದಂಡೆಯಿಂದ ಆ ಬೆರಳುಗಾತ್ರದ ಅತ್ತಿಯ ಚಿಗುರನ್ನು ತರಿಸಿ ಬಿಳಿ ಕಂಬಕ್ಕೆ ಅರಿಶಿಣದ ದಾರದಿಂದ ಕಟ್ಟಿದಳು. "ಸಣ್ಣದು ದೇವರಿಗೆ, ದೊಡ್ಡದು ಡಿಗ್ರಿಗೆ. ಇನ್ನ ಡೊಳ್ಳು ಬಾರಸ್ರಿ" ಎಂದಳು.

ಅಕ್ಕನ ಸಂಸಾರ ಚೆನ್ನಾಗಿ ನಡೆಯಿತು. ಅದರಲ್ಲಿ ಭಾವನ ಪಾತ್ರವೂ ಇದ್ದೀತು, ಆದರೆ ನಮ್ಮವರು ಕೀರ್ತಿಯನ್ನೆಲ್ಲ ಕಂಬಕ್ಕೆ ಕೊಟ್ಟರು. ನೋಡನೋಡುತ್ತ ಬಿಳಿ ಮರ "ನಮ್ಮ ಮನಿತನದ ಪದ್ಧತಿ" ಆಗಿಬಿಟ್ಟಿತು. ಈಗ ಅಕ್ಕನ ಮಗಳ ಮದುವೆ. ಸೋದರಮಾವ ನಾನು. ಆ ಮರದ್ದೇ ಕಂಬ ತರಬೇಕೆಂದು ಎಲ್ಲರ ಹಟ. ನಾನಾದರೋ ಯಲಬುರ್ಗಾ ಕಡೆಯ ಎಷ್ಟೋ ಗುಡ್ಡ ಸುತ್ತಿದ್ದೇನೆ, ಅಂಥ ಇನ್ನೊಂದು ಮರ ಕಂಡಿಲ್ಲ. ಇದ್ದ ಒಂದಕ್ಕೆ ಮತ್ತೆ ಕೊಡಲಿ ಹಾಕಲು ಕೈ ಬರುವುದಿಲ್ಲ, ಮನೆಯವರಿಗೆ ಹೇಳಲು ಬಾಯಿ ಬರುವುದಿಲ್ಲ.

ಗಾಡಿ ಬಂದ್ ಮಾಡಿ ಫೋಟೊವನ್ನು ಮತ್ತೆ ನೋಡಿದೆ. ತೊಗಟೆ ಮಸುಕು, ಎಲೆ ಇಲ್ಲ, ಕಾಯಿ ಕಾಣುವುದಿಲ್ಲ. ಈ ನೀಲಿ ಮುದ್ದೆ ಏನು? ಬೆರಳಿನಿಂದ ಹಿಗ್ಗಿಸಿದೆ. ಪ್ಲಾಸ್ಟಿಕ್ ಚೀಲ. ಮಣಿಕಟ್ಟಿನ ಹತ್ತಿರ ದಾರ ಸುತ್ತಿ ಬಿಗಿದಿದೆ. ಒಳಗೆ ಮಾವನ ಕೈ!

ಇನ್ನು ಹೂವು ಯಾಕೆ ಬೇಕು, ಎಲೆ ಯಾಕೆ ಬೇಕು? ಫೋನ್ ಹಚ್ಚಿ ಹೆಸರು ಹೇಳಿದೆ. ಅದೇ ಉಸಿರಿನಲ್ಲಿ, ಇಷ್ಟು ದಿನ ಬಾಯಿಗೆ ಬಾರದ್ದನ್ನೂ ಹೇಳಿದೆ: "ಮಾವಾ, ಕೊಡಲಿ ಹಚ್ಚಬ್ಯಾಡ್ರಿ. ಬಾವಿ ಅತ್ತಿ ಈಗ ಭಾಳ ಬೆಳದೈತಿ, ದೊಡ್ಡ ಕಂಬ ಅದರದು. ಬಿಳೇ ಗಿಡದ್ದು ಕೆಳಗ ಬಿದ್ದ ಒಂದು ಕಡ್ಡಿ ಸಾಕು. ಈ ಸಲ ತರೂ ಹಕ್ಕು ನಂದು."

ಆ ಕಡೆ ಪ್ಲಾಸ್ಟಿಕ್ಕಿನ ಸರಸರ.

"ಕೊಡಲಿ ಯಾರು ತಂದಾರೋ, ಹುಚ್ಚಾ. ಗಿಡ ಇನ್ನೂ ಐತೋ ಇಲ್ಲೋ ನೋಡಾಕ ಬಂದೀನಿ" ಎಂದರು ಮಾವ. "ಹಕ್ಕು ನಿಂದ ಇಟ್ಕೊ. ಆದ್ರ ಬರೂ ಮುಂದ ಕೊಬ್ಬರಿ ಎಣ್ಣಿ ತಗೊಂಬಾ. ಚೀಲಕ್ಕ ತೂತ ಐತಿ."