ಎನಿಡ್‌ಳ ಗಜಕೋಲು

ಎನಿಡ್ ಕ್ಲೆಗ್‌ಳ ಕೈಯಿಂದ ಒಂದು ಮುದಿ ನಾಯಿ ಪಡೆಯುವುದಕ್ಕಿಂತ ಅರಮನೆಯಲ್ಲಿ ಕೆಲಸ ಗಿಟ್ಟಿಸುವುದು ಸುಲಭ ಎಂದು ನಮ್ಮ ಊರಿನಲ್ಲಿ ಹೇಳುತ್ತಿದ್ದರು. ಹಾಗೆ ಮೊದಲು ಹೇಳಿದವಳು ನಾನೇ ಇರಬೇಕು. ಅವಳನ್ನು ನನ್ನ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ವರ್ಷಗಟ್ಟಲೆ ಉತ್ತರ ಇಂಗ್ಲೆಂಡಿನ ನಮ್ಮ ಲ್ಯಾಂಕಷೈರಿನ ಮನೆಮನೆ ಸುತ್ತಿದವಳು ಈ ಹಿಲ್ಡಾ. ಅಷ್ಟು ಹೇಳುವ ಹಕ್ಕು ನನಗಿದೆ.

ನಮ್ಮದು ಮುದಿ ಗ್ರೇಹೌಂಡ್‌ಗಳಿಗೆ ಮನೆ ಹುಡುಕುವ ಸಂಘ. ರೇಸಿನಲ್ಲಿ ಓಡುವಷ್ಟು ದಿನ ಈ ನಾಯಿಗಳಿಗೆ ರಾಜೋಪಚಾರ. ಕಾಲು ಸೋತಿತೋ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಕಥೆ. ಆಗ ಯಾರೋ ಪುಣ್ಯಾತ್ಮರು ಮನೆಗೆ ಒಯ್ಯುತ್ತಾರೆ. ನಾಲ್ಕಾರು ವರ್ಷ ಕಳೆದು ನಾಯಿಯ ಮೂತಿ ಬೆಳ್ಳಗಾಗುವ ಹೊತ್ತಿಗೆ ಪುಣ್ಯವೂ ತೀರಿರುತ್ತದೆ. ಹಿಂದಕ್ಕೆ ತಂದು ಬಿಡುವವರ ನೆವಗಳನ್ನು ಕೇಳಬೇಕು. ಒಬ್ಬರು ಸ್ಪೇನಿನಲ್ಲಿ ಮನೆ ಕೊಂಡಿರುತ್ತಾರೆ, ಇನ್ನೊಬ್ಬರ ಸೊಸೆಗೆ ವಾಸನೆ ಆಗುವುದಿಲ್ಲ. ಒಬ್ಬಳಂತೂ ನಾಯಿ ತನ್ನನ್ನು ದುಃಖದಿಂದ ನೋಡುತ್ತದೆ ಎಂದಳು. ದಿನಾ ಅವಳ ಮುಖವನ್ನೇ ನೋಡಬೇಕಿದ್ದ ಪ್ರಾಣಿ ಇನ್ನು ಹೇಗೆ ನೋಡೀತು? ಒಯ್ಯಲು ಬರುವವರೂ ಕಡಿಮೆಯಲ್ಲ. ಸೋಫಾದ ಬಣ್ಣಕ್ಕೆ ಹೊಂದುವ ಬೂದು ನಾಯಿ ಇದೆಯೇ ಎಂದು ಕೇಳಿದ ಗಂಡ ಹೆಂಡಿರನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ನಾಯಿ ಬೇಕೆಂದವರ ಮನೆಯನ್ನು ಮೊದಲು ಹೋಗಿ ಪರೀಕ್ಷಿಸುವುದು ನಮ್ಮ ಪದ್ಧತಿ. ಆ ಪರೀಕ್ಷೆಯೇ ಎನಿಡ್‌ಳ ಸಾಮ್ರಾಜ್ಯ. ಹತ್ತಿ ಗಿರಣಿಯಲ್ಲಿ ಬಟ್ಟೆ ಅಳೆಯುತ್ತಿದ್ದವಳು ಗಿರಣಿ ಮುಚ್ಚಿದಾಗ ತನ್ನ ಗಜಕೋಲನ್ನು ಮನೆಗೆ ತಂದಿದ್ದಳು. ಅದನ್ನು ಹಿಡಿದು ನೇರ ಹಿತ್ತಿಲಿಗೆ ನಡೆಯುವಳು. ಬೇಲಿ ಎರಡು ಗಜ ಎತ್ತರ ಇರಲೇಬೇಕು, ಅವಳು ಸೊಂಟ ಕೊಟ್ಟು ನೂಕಿದರೆ ಅಲುಗಬಾರದು. ಆಮೇಲೆ ಒಳಗೆ ಬಂದು ಕೂರುವಳು. ಮನೆಯವರು ಚಹಾ ಬಿಸ್ಕತ್ತು ಇಡುವರು. ಚಹಾ ಕುಡಿಯುವಳು, ಆದರೆ ತೀರ್ಮಾನ ಆಗುವ ತನಕ ಬಿಸ್ಕತ್ತು ಮುಟ್ಟುವವಳಲ್ಲ. ಅವಳು ಬಿಸ್ಕತ್ತಿಗೆ ಕೈ ಹಾಕಿದಳೆಂದರೆ ನಾಯಿ ನಿಮ್ಮದು. ಇದು ಊರಿಗೆಲ್ಲ ಗೊತ್ತಿದ್ದುದರಿಂದ ದೊಡ್ಡ ದೊಡ್ಡ ಮನುಷ್ಯರೂ ಉಸಿರು ಬಿಗಿಹಿಡಿದು ಆ ತಟ್ಟೆಯನ್ನೇ ನೋಡುತ್ತ ಕೂರುತ್ತಿದ್ದರು. ನನಗೆ ಒಳಗೊಳಗೇ ನಗು.

ಅವಳು ಹಾಗಾಗಲು ಕಾರಣವಿತ್ತು. ಅವಳ ಅಪ್ಪ ರೇಸಿನ ನಾಯಿ ಸಾಕಿದವನು. ನಾಯಿ ನಿಧಾನವಾದರೆ ಭಾನುವಾರ ಬೆಳಿಗ್ಗೆ ಅದನ್ನು ಕರೆದುಕೊಂಡು ಗುಡ್ಡ ಹತ್ತುತ್ತಿದ್ದ, ಮಧ್ಯಾಹ್ನದ ಊಟಕ್ಕೆ ಬರಿಯ ಕೊರಳಪಟ್ಟಿ ಹಿಡಿದು ಇಳಿಯುತ್ತಿದ್ದ. ಪಟ್ಟಿಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಕೈ ತೊಳೆದು, ಹುರಿದ ಮಾಂಸ ತಿನ್ನುತ್ತಿದ್ದ. ಇದನ್ನು ನೋಡುತ್ತ ಬೆಳೆದ ಹುಡುಗಿ ಮನುಷ್ಯರನ್ನು ನಂಬದಿದ್ದರೆ ನಾನು ತಪ್ಪೆನ್ನುವುದಿಲ್ಲ. ಆದರೆ ಅಪ್ಪನ ಮೇಲಿನ ಸಿಟ್ಟನ್ನು ಊರಿನ ಮೇಲೆ ತೀರಿಸಿಕೊಂಡಳಲ್ಲ, ಅದಕ್ಕೆ ಏನೆನ್ನಬೇಕು.

ಅವಳ ತಲೆಯಿಂದಲೇ ಇನ್ನೊಂದು ನಿಯಮ ಹೊರಟಿತು. ಎಪ್ಪತ್ತು ದಾಟಿದವರಿಗೆ ನಾಯಿ ಕೊಡಕೂಡದು. ಅವರು ಸತ್ತರೆ ನಾಯಿ ಅನಾಥ ಆಗುತ್ತದಂತೆ. ಹನ್ನೊಂದು, ಹನ್ನೆರಡು ವರ್ಷದ ನಾಯಿಗಳು! ಅವುಗಳ ಇಡೀ ಜಾತಿಯೇ ಹದಿನಾಲ್ಕು ಮುಟ್ಟುವುದು ಅಪರೂಪ. ಯಾರು ಯಾರನ್ನು ಅನಾಥ ಮಾಡುತ್ತಾರೆ ಎಂದು ಸಂಘದಲ್ಲಿ ಒಬ್ಬರಾದರೂ ಕೇಳಲಿಲ್ಲ. ಎಲ್ಲರೂ ಗೋಣು ಆಡಿಸಿದರು.

ಆ ನಿಯಮಕ್ಕೆ ಮೊದಲು ಸಿಕ್ಕವನು ವಿಲ್ಫ್ ಹಾವರ್ತ್. ಬಸ್ಸು ಓಡಿಸಿ ನಿವೃತ್ತನಾದವನು, ಹೆಂಡತಿ ತೀರಿಕೊಂಡಿದ್ದಳು, ಮನೆ ಎನಿಡ್‌ಳ ಹಿಂದಿನ ಓಣಿಯಲ್ಲೇ. ಕ್ಯಾಪ್ಟನ್ ಎಂಬ ಹಲ್ಲುದುರಿದ ಕರಿ ನಾಯಿಯ ಮೇಲೆ ಅವನಿಗೆ ಮನಸ್ಸು ಬಿದ್ದಿತ್ತು. ಒಲೆಯ ಮುಂದೆ ಹಾಸಿಗೆ ಹಾಸಿದ್ದ. ಈ ನಾಯಿಗಳಿಗೆ ಮೈಮೇಲೆ ಕೊಬ್ಬಿಲ್ಲ, ಚಳಿ ತಡೆಯುವುದಿಲ್ಲವೆಂದು ಕೆಂಪು ಉಣ್ಣೆಯ ಕೋಟು ಬೇರೆ ತಂದಿಟ್ಟಿದ್ದ. ಎನಿಡ್ ಹಿತ್ತಿಲಿಗೆ ಹೋಗಿ ಬೇಲಿ ಗೇಣು ಕಡಿಮೆ ಎಂದಳು.

“ಹನ್ನೆರಡು ವರ್ಷದ ನಾಯಿ ಅದನ್ನ ಹಾರುತ್ತೇನ್ರೀ? ಅದಕ್ಕೆ ಹೊಸಿಲು ದಾಟೋಕೇ ಆಗಲ್ಲ,” ಎಂದ ವಿಲ್ಫ್. ಆಮೇಲೆ ಅವಳು ವಯಸ್ಸು ಕೇಳಿದಳು. ಅವನು ಎಪ್ಪತ್ತು ದಾಟಿ ತಿಂಗಳಾಗಿತ್ತು. ಬಿಸ್ಕತ್ತಿನ ತಟ್ಟೆ ಹಾಗೇ ಉಳಿಯಿತು. ಕ್ಯಾಪ್ಟನ್ ಆ ಚಳಿಗಾಲ ಸಂಘದ ನಾಯಿಮನೆಯಲ್ಲಿ ಸತ್ತ.

ವಿಲ್ಫ್ ಆವತ್ತಿನಿಂದ ಎನಿಡ್ ಜೊತೆ ಮಾತು ಬಿಟ್ಟ. ಆದರೆ ದಿನಾ ಬೆಳಿಗ್ಗೆ ಅವಳ ಕಿಟಕಿಯ ಮುಂದೆಯೇ ಗುಡ್ಡಕ್ಕೆ ನಡೆದು ಹೋಗುತ್ತಿದ್ದ. ತಾನಿನ್ನೂ ಸತ್ತಿಲ್ಲ ಎಂದು ತೋರಿಸಲು, ಮತ್ತೇನಕ್ಕೂ ಅಲ್ಲ. ಹನ್ನೆರಡು ವರ್ಷ ನಡೆದ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಎನಿಡ್‌ಗೆ ಎಪ್ಪತ್ತನಾಲ್ಕಾಯಿತು. ಅವಳ ಸ್ವಂತ ಕೊನೆಯ ನಾಯಿ ಸತ್ತು ಮನೆ ಬಣಬಣ ಎನ್ನುತ್ತಿತ್ತು. ಅದೇ ಹೊತ್ತಿಗೆ ಮೇಬಲ್ ಬಂದಳು. ಹನ್ನೊಂದು ವರ್ಷದ ಹೆಣ್ಣು, ನಾಲಗೆ ಒಂದು ಪಕ್ಕಕ್ಕೆ ಜೋತಿತ್ತು, ಹೊಸ ಬಿಳಿ ಜಮಖಾನೆಯ ಮೇಲೆ ಉಚ್ಚೆ ಹೊಯ್ದಳೆಂದು ಮನೆಯವರು ತಂದು ಬಿಟ್ಟಿದ್ದರು. ನಾಯಿಮನೆಯ ಸಿಮೆಂಟಿನ ಮೇಲೆ ನಡುಗುತ್ತ ನಿಂತಿದ್ದವಳು ಎನಿಡ್‌ಳನ್ನು ಕಂಡು ತಲೆಯನ್ನು ಅವಳ ಹೊಟ್ಟೆಗೆ ಒತ್ತಿ ಹಾಗೇ ನಿಂತುಬಿಟ್ಟಳು. ಕಾರಿನಲ್ಲಿ ಎನಿಡ್‌ಳನ್ನು ವಾಪಸು ಕರೆತಂದೆ. ಮನೆ ಬಂದ ಮೇಲೆ, “ಹಿಲ್ಡಾ, ನಂಗೆ ಅವಳು ಬೇಕು ಕಣೇ,” ಎಂದಳು.

ಸಂಘಕ್ಕೆ ಆಗ ಫಿಲಿಪ್ಪಾ ಎಂಬ ಹೊಸ ಕಾರ್ಯದರ್ಶಿ. ದಕ್ಷಿಣದ ಕಡೆಯವಳು, ನಾಯಿಯನ್ನು ಮುಟ್ಟಿದರೆ ಕೈ ಒರೆಸಿಕೊಳ್ಳುವವಳು. ನಿಯಮ ನಿಮ್ಮದೇ ಅಲ್ಲವೇ ಎಂದು ತಣ್ಣಗೆ ನಕ್ಕಳು. ಕೊನೆಗೆ ಸಂಘ ಬಹಳ ದೊಡ್ಡ ಮನಸ್ಸು ಮಾಡಿತು. ನಡೆದು ಹೋಗುವಷ್ಟು ಹತ್ತಿರ ಇರುವ, ಈ ಜಾತಿಯ ನಾಯಿ ಬಲ್ಲ ಒಬ್ಬರು ಅವಳ ನಂತರ ನಾಯಿಯ ಹೊಣೆ ಹೊರುತ್ತೇನೆಂದು ಬಂದು ಒಪ್ಪಿದರೆ ಕೊಡಬಹುದು ಎಂದಿತು. ಹೊಣೆ ಹೊರುವವರ ವಯಸ್ಸು ಎಷ್ಟಿರಬೇಕು ಎಂದು ಹೇಳುವುದನ್ನು ಆ ಮಹಾಬುದ್ಧಿವಂತರು ಮರೆತರು.

ನನ್ನ ಮನೆಯಲ್ಲಿ ಎರಡು ಬೆಕ್ಕು. ಅಟ್ಟಿ ಹಿಡಿಯುವ ಗ್ರೇಹೌಂಡಿಗೆ ಬೆಕ್ಕೂ ಒಂದೇ, ಮೊಲವೂ ಒಂದೇ. ಹಾಗಾಗಿ ನಾನು ಲೆಕ್ಕಕ್ಕೆ ಬಾರದವಳು. ಬೇರೆ ಯಾರಿದ್ದಾರೆ? ಸುತ್ತಲ ಓಣಿಗಳಲ್ಲಿ ನಾಯಿ ಬಲ್ಲವರನ್ನೆಲ್ಲ ಎನಿಡ್ ಒಂದಲ್ಲ ಒಂದು ದಿನ ಗಜಕೋಲು ಹಿಡಿದು ಅವಮಾನ ಮಾಡಿದ್ದಳು. ಮೂರು ಮನೆಯಲ್ಲಿ ಬಾಗಿಲಲ್ಲೇ ಇಲ್ಲವೆಂದರು, ನಾಲ್ಕನೆಯ ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಉಳಿದವನು ವಿಲ್ಫ್. ಅವನ ಮನೆಗೆ ನಾನೂ ಜೊತೆಗೆ ಹೋದೆ. ಸಹಾಯಕ್ಕೆಂದು ಹೇಳಿದೆ, ನಿಜವಾಗಿ ನೋಡಬೇಕೆಂಬ ಆಸೆಗೆ. ಅವನು ಅವಳ ಮಾತು ಪೂರ್ತಿ ಕೇಳಿದ.

“ಆಗಲಿ. ಮೊದಲು ನಿಮ್ಮ ಮನೆ ನೋಡ್ಬೇಕಲ್ಲ,” ಎಂದ.

ಮರುದಿನ ಶೂಗೆ ಪಾಲಿಶ್ ಹಾಕಿ, ಟೈ ಕಟ್ಟಿ, ಹೆಗಲಿಗೊಂದು ಚೀಲ ಹಾಕಿಕೊಂಡು ಬಂದ. ಬಂದವನೇ ಗಜಕೋಲು ಕೇಳಿ ಇಸಿದುಕೊಂಡ. ಹಿತ್ತಿಲಿಗೆ ಹೋಗಿ ಬೇಲಿಗೆ ಕೋಲು ಹಿಡಿದ. ಊರಿಗೆಲ್ಲ ಬೇಲಿ ಎತ್ತರ ಮಾಡಿಸಿದವಳ ಬೇಲಿ ಗಾಳಿಮಳೆಗೆ ಕೂತು ಗೇಣು ತಗ್ಗಿತ್ತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

“ಗೇಣು ಕಡಿಮೆ ಇದೆ,” ಎಂದ ವಿಲ್ಫ್.

“ಹನ್ನೊಂದು ವರ್ಷದ ನಾಯಿ ಅದನ್ನ ಹಾರುತ್ತಾ?” ಎಂದಳು ಎನಿಡ್. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಕೇಳಿಸಿತು. ಮುಖ ಬಿಳಿಚಿಕೊಂಡಿತು. ನನ್ನ ಖುಷಿ ಅಲ್ಲಿಗೇ ಇಳಿಯಿತು.

ಒಳಗೆ ಬಂದು ಕೂತೆವು. ಅವಳು ಚಹಾ ಬಗ್ಗಿಸಿ ಬಿಸ್ಕತ್ತಿನ ತಟ್ಟೆ ಇಟ್ಟಳು. ವಿಲ್ಫ್ ಚಹಾ ಕುಡಿದ. ತಟ್ಟೆಯ ಕಡೆ ನೋಡಲೂ ಇಲ್ಲ.

“ಕ್ಯಾಪ್ಟನ್ ಸಾಯೋವಾಗ ಹತ್ರ ಯಾರಿದ್ರು?” ಎಂದು ಕೇಳಿದ.

“ಯಾರೂ ಇರ್ಲಿಲ್ಲ,” ಎಂದಳು ಎನಿಡ್. “ಬೆಳಿಗ್ಗೆ ಹೋದೆ, ಸಿಮೆಂಟ್ ಮೇಲೆ ಸೆಟೆದು ಬಿದ್ದಿದ್ದ. ಅವನ ಕೊರಳಪಟ್ಟಿ ಬಿಚ್ಚಿಕೊಂಡು ಮನೆಗೆ ಬಂದೆ. ಬಂದು ಮೊಳೆಗೆ ಹಾಕಿದೆ. ನಮ್ಮಪ್ಪ ಮಾಡಿದ ಹಾಗೇ ಮಾಡಿದೆ, ವಿಲ್ಫ್. ನಂದು ತಪ್ಪಾಯ್ತು.”

ಬಾಗಿಲ ಹಿಂದೆ ಆ ಪಟ್ಟಿ ಇನ್ನೂ ನೇತಾಡುತ್ತಿತ್ತು. ವಿಲ್ಫ್ ಅದನ್ನು ನೋಡಿದ. ಆಮೇಲೆ ಕೈ ಚಾಚಿ ಒಂದು ಬಿಸ್ಕತ್ತು ತೆಗೆದುಕೊಂಡ. ಕಚ್ಚಿ, ಮೂಗು ಮುರಿದ.

“ಮೆತ್ತಗಾಗಿದೆಯಲ್ಲೇ. ನಿನ್ ಮನೇಲಿ ಯಾರೂ ಬರಲ್ಲ ಅಂತ ಇದರಲ್ಲೇ ಗೊತ್ತಾಗುತ್ತೆ,” ಎಂದ. ಎರಡನೆಯದನ್ನೂ ತೆಗೆದುಕೊಂಡ. ಹೋಗುವಾಗ ಚೀಲದಿಂದ ಕೆಂಪು ಕೋಟನ್ನು ತೆಗೆದು ಕುರ್ಚಿಯ ಮೇಲೆ ಹಾಕಿದ. ಅಂಗಡಿಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ಗಂಡು ನಾಯಿಗೆ ತಂದದ್ದು, ಹೆಣ್ಣಿಗೆ ದೊಡ್ಡದಾಗುತ್ತದೆ, ಹೊಟ್ಟೆಯ ಹತ್ತಿರ ಸ್ವಲ್ಪ ಹಿಡಿದು ಹೊಲಿ ಎಂದು ಹೇಳಿ ಹೋದ. ಎನಿಡ್ ಆ ಕೋಟನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಮೇಬಲ್ ಎರಡು ಚಳಿಗಾಲ ಆ ಕೋಟು ತೊಟ್ಟು ಇಬ್ಬರು ಮುದುಕರ ನಡುವೆ ಗುಡ್ಡಕ್ಕೆ ನಡೆದಳು. ಹೋಗುವಾಗಲೂ ಮೂವರು, ಇಳಿಯುವಾಗಲೂ ಮೂವರು. ಹೋದ ವಸಂತದಲ್ಲಿ ವಿಲ್ಫ್‌ನ ಒಲೆಯ ಮುಂದೆ, ಎನಿಡ್‌ಳ ಕಾಲ ಮೇಲೆ ತಲೆಯಿಟ್ಟು ಸತ್ತಳು. ನಿಯಮದ ಪ್ರಕಾರ ಮೊದಲು ಸಾಯಬೇಕಿದ್ದ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ದಿನಾ ಜಗಳವಾಡುತ್ತಾರೆ. ಸಂಘದಲ್ಲಿ ನಿಯಮವೂ ಹಾಗೇ ಇದೆ. ನಿನ್ನೆ ಮತ್ತೊಂದು ಮುದಿ ನಾಯಿ ಬಂದಿದೆ. ಫಿಲಿಪ್ಪಾ ಈ ಸಲ ಹೊಣೆಗಾರನ ವಯಸ್ಸು ಕೇಳಿದ್ದಾಳೆ. ಎಂಬತ್ತು ದಾಟಿದ ವಿಲ್ಫ್ ಅರವತ್ತೊಂಬತ್ತು ಎಂದನಂತೆ. ಪಕ್ಕದಲ್ಲಿದ್ದ ಎನಿಡ್, ಹೌದು, ಅವನು ಚಿಕ್ಕವನಿದ್ದಾಗಿನಿಂದ ನಾನು ಬಲ್ಲೆ ಎಂದಳಂತೆ.