ಅಮ್ಮಿ ನನ್ನೊಬ್ಬಳನ್ನು ಕೇಳಲಿಲ್ಲ

ಹಂಪಿ ನೋಡಲು ಬರುವವರ ಸಲುವಾಗಿಯೇ ಇದ್ದಂತಿರುವ ಆ ಸಣ್ಣ ವಿಮಾನ ನಿಲ್ದಾಣಕ್ಕೆ ನಾವು ಇಪ್ಪತ್ತಾರು ಜನ ಹೋಗಿದ್ದೆವು. ವಿಮಾನ ಹತ್ತುವವರು ಮೂವರೇ: ನಮ್ಮ ಅಮ್ಮಿ, ಬ್ಯಾಡಗಿಯಲ್ಲಿರುವ ಅವಳ ಅಣ್ಣ, ಅಂದರೆ ನಮ್ಮ ಮಾಮು, ಮತ್ತು ಮಾಮುವಿನ ಹೆಂಡತಿ. ಇಲ್ಲಿಂದ ಹೈದರಾಬಾದಿಗೆ, ಅಲ್ಲಿಂದ ಉಮ್ರಾ ಯಾತ್ರೆಗೆಂದು ಮಕ್ಕಾಕ್ಕೆ. ಉಳಿದ ನಾವೆಲ್ಲ ಎರಡು ಟೆಂಪೊ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ನಸುಕಿನಲ್ಲೇ ಹಾವೇರಿ ಬಿಟ್ಟು ಬಂದದ್ದು ಬರೀ ಕೈ ಬೀಸಲು. ದಿನಕ್ಕೆ ಒಂದೋ ಎರಡೋ ವಿಮಾನ ಇಳಿಯುವ ಜಾಗ ಅದು. ಹೊರಗೆ ಕೂರಲು ನಾಲ್ಕೇ ಬೆಂಚು. ನಾಲ್ಕನ್ನೂ ನಮ್ಮ ಹೆಂಗಸರು ಹಿಡಿದುಬಿಟ್ಟರು. ನನ್ನ ಖಾಲಾ, ಅಮ್ಮಿಯ ತಂಗಿ, ಚಪ್ಪಲಿ ಕಳಚಿ ಕಾಲು ಮಡಚಿ ಕೂತು ರೊಟ್ಟಿ ಗಂಟು ಬಿಚ್ಚಿದಳು. ದೊಡ್ಡ ದೊಡ್ಡ ಟೋಪಿಯ ಪ್ರವಾಸಿಗರು ನಮ್ಮನ್ನೇ ಮೊದಲನೇ ಸ್ಮಾರಕ ಎಂದುಕೊಂಡು ಫೋಟೊ ತೆಗೆದರು.

ನಾನು ಕೂರಲಿಲ್ಲ. ಬೆಂಚಿನಿಂದ ಗಾಜಿನ ಬಾಗಿಲಿಗೆ, ಬಾಗಿಲಿನಿಂದ ಟೆಂಪೊಗೆ ತಿರುಗುತ್ತಲೇ ಇದ್ದೆ. 'ಕಾಲಿಗೆ ಚಕ್ರ ಕಟ್ಕೊಂಡೀಯೇನ?' ಎಂದು ನನ್ನ ಗಂಡ ರೇಗಿಸಿದ. ಗುತ್ತಲ ದಾಟಿ ತುಂಗಭದ್ರೆಯ ಸೇತುವೆ ಬರುವಷ್ಟರಲ್ಲೇ ಒಂದೇ ಪ್ರಶ್ನೆ ತಲೆಯೊಳಗೆ ಹೊಕ್ಕಿತ್ತು. ಅಮ್ಮಿ ಒಳಗೆ ಹೋಗುವ ಮೊದಲಾದರೂ ನನ್ನ ಹತ್ತಿರ ಮಾಫಿ ಕೇಳುತ್ತಾಳೋ ಇಲ್ಲವೋ?

ನಮ್ಮಲ್ಲಿ ಮಕ್ಕಾಕ್ಕೆ ಹೊರಟವರು ಬಂಧುಬಳಗ, ಓಣಿಯವರು, ಕೊಡು-ಕೊಳ್ಳುವವರು ಎಲ್ಲರ ಮನೆಗೂ ಹೋಗಿ 'ಹೇಳಿದ್ದು ಕೇಳಿದ್ದು ಮಾಫ್ ಮಾಡ್ರಿ' ಎನ್ನಬೇಕು. ನೊಂದವರು ಮನ್ನಿಸದಿದ್ದರೆ ಮೇಲಿನವನೂ ಮನ್ನಿಸುವುದಿಲ್ಲ ಎಂಬ ನಂಬಿಕೆ. ಕೇಳಿಸಿಕೊಂಡವರು 'ಮಾಫ್ ಮಾಡೇವಿ, ನಮಗೂ ಮಾಡ್ರಿ' ಅನ್ನುತ್ತಾರೆ. ಇಬ್ಬರೂ ಕಣ್ಣೊರೆಸಿಕೊಳ್ಳುತ್ತಾರೆ. ಇಲ್ಲ ಎಂದವರನ್ನು ನಾನಂತೂ ಕಂಡಿಲ್ಲ.

ಅಮ್ಮಿ ಹದಿನೈದು ದಿನ ಇದೇ ಕೆಲಸ ಮಾಡಿದಳು. ಹಾಲಿನವಳನ್ನು ಕೇಳಿದಳು. ನಳದ ಪಾಳಿಗಾಗಿ ಕೊಡ ಎತ್ತಿ ಜಗಳಾಡಿದವಳನ್ನು ಕೇಳಿದಳು. ಕಾಗಿನೆಲೆಯಲ್ಲಿ ಮಗಳ ಮನೆ ಸೇರಿದ್ದ ಹಳೆಯ ನೆರೆಯವಳನ್ನು ಬಸ್ ಹಿಡಿದು ಹೋಗಿ ಕೇಳಿ ಬಂದಳು. ಆಮೇಲೆ ರಾಣೇಬೆನ್ನೂರಿಗೆ, ನನ್ನ ಮನೆಗೆ ಬಂದಳು. ನನ್ನ ಅತ್ತೆಯನ್ನು ಕೇಳಿದಳು, ಗಂಡನನ್ನು ಕೇಳಿದಳು, ಜೀವಮಾನದಲ್ಲಿ ಎರಡು ಸಲ ಮಾತಾಡಿಸಿದ್ದ ಪಕ್ಕದ ಮನೆಯವಳನ್ನೂ ಕರೆದು ಕೇಳಿದಳು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತ ಕಿವಿಯೆಲ್ಲ ಹೊರಗಿಟ್ಟು ಕಾಯುತ್ತಿದ್ದೆ. ಅಮ್ಮಿ ಎರಡು ಕಪ್ ಕುಡಿದಳು, ಸಕ್ಕರೆ ಜಾಸ್ತಿಯಾಗಿದೆ ಎಂದಳು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ನನ್ನ ಹತ್ತಿರ ಕೇಳುವಂಥದ್ದು ಏನಿತ್ತು? ಇತ್ತು. ನಮ್ಮದು ಹಾವೇರಿಯಲ್ಲಿ ಏಲಕ್ಕಿ ಹಾರ ಮಾಡುವ ಮನೆ. ಅಬ್ಬಾ ತೀರಿಕೊಂಡ ವರ್ಷವೇ ನಾನು ಪಿಯುಸಿ ಮುಗಿಸಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದೆ. ಅಂಚೆಯವನ ಸೈಕಲ್ ಸದ್ದಿಗೆ ದಿನಾ ಬಾಗಿಲಿಗೆ ಓಡುತ್ತಿದ್ದೆ. ಕಾಗದ ಬರಲೇ ಇಲ್ಲ. 'ನಿನ್ನ ಹಣೇಬರದಾಗ ಇಲ್ಲ ಬಿಡು' ಎಂದು ಸಮಾಧಾನ ಮಾಡಿದವಳು ಅಮ್ಮಿಯೇ. ಮದುವೆ ಹಂಗಾಮಿನ ಹಾರಗಳು ಬಾಕಿ ಇದ್ದವು. ನನ್ನ ಕೈಗೆ ಸೂಜಿದಾರ ಬಂತು. ನನಗೆ ಮದುವೆಯಾಗಿ ಎರಡು ವರ್ಷವಾದ ಮೇಲೆ, ತವರಿನಲ್ಲಿ ಜರಿ ಇಡುವ ಟ್ರಂಕು ಸ್ವಚ್ಛ ಮಾಡುವಾಗ, ತಳಕ್ಕೆ ಹಾಸಿದ್ದ ಹಳೆಯ ಪೇಪರಿನ ಅಡಿಯಲ್ಲಿ ಆ ಕಾಗದ ನನಗೇ ಸಿಕ್ಕಿತು. ಸೀಟು ಸಿಕ್ಕಿದೆ, ಇಂಥ ದಿನದೊಳಗೆ ಬಂದು ಸೇರಬೇಕು ಎಂದು ಬರೆದಿತ್ತು. ಊಟಕ್ಕೆ ಕೂತಿದ್ದ ಅಮ್ಮಿಯ ತಾಟಿನ ಪಕ್ಕ ತಂದಿಟ್ಟೆ. ನೋಡಿದಳು. ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡಳು. ಅಂದಿನಿಂದ ಇಬ್ಬರೂ ಆ ಸುದ್ದಿ ಎತ್ತಿಲ್ಲ. ಹಬ್ಬಕ್ಕೆ ಹೋಗುತ್ತೇನೆ, ಅವಳಿಗೆ ಜ್ವರ ಬಂದರೆ ಓಡುತ್ತೇನೆ, ಎಲ್ಲವೂ ಸರಿ. ನನಗೆ ಸಿಟ್ಟು ಬಂದಷ್ಟೇ ಬೇಗ ಹೋಗುತ್ತದೆ ಎಂದು ಗಂಡ ಊರಿಗೆಲ್ಲ ಹೇಳುತ್ತಾನೆ. ಇದೊಂದು ಹೋಗಲಿಲ್ಲ.

ಹೈದರಾಬಾದಿನ ವಿಮಾನ ಬಂದು ಇಳಿಯಿತು. ಇದೇ ತಿರುಗಿ ಅವರನ್ನು ಒಯ್ಯುವುದು. ಅದರ ಸದ್ದಿಗೆ ನಮ್ಮವರೆಲ್ಲ ದಡಬಡಿಸಿ ಎದ್ದರು. ಹಾರಗಳು ಹೊರಬಂದವು. ಹೊರಗೆ ಬಂದ ಪ್ರವಾಸಿ ಹೆಂಗಸೊಬ್ಬಳು ಏಲಕ್ಕಿ ಹಾರವನ್ನು ಮೂಸಿ ನೋಡಿ ಸುಂದರವಾಗಿದೆ ಎಂದದ್ದೇ ತಡ, ಖಾಲಾ ಒಂದನ್ನು ಅವಳ ಕೊರಳಿಗೂ ಹಾಕಿಬಿಟ್ಟಳು. ಮಾಮು ದೊಡ್ಡ ಬ್ಯಾಗುಗಳ ಗಾಡಿ ತಳ್ಳಿಕೊಂಡು ಹೆಂಡತಿಯೊಡನೆ ಒಳಗೆ ಹೋದರು.

ಅಮ್ಮಿ ಕೊನೆಯ ಸುತ್ತು ಶುರು ಮಾಡಿದಳು. ಸಾಲಾಗಿ ನಿಂತ ಒಬ್ಬೊಬ್ಬರ ಕೈ ಹಿಡಿದು 'ಮಾಫ್ ಮಾಡ್ರಿ' ಎನ್ನುತ್ತ ಬಂದಳು. ಖಾಲಾ ಅತ್ತಳು. ಟೆಂಪೊ ಡ್ರೈವರುಗಳು ಮುಜುಗರದಿಂದ ನೆಲ ನೋಡಿದರು. ಸಾಲಿನ ತುದಿಯಲ್ಲಿ ನಾನಿದ್ದೆ. ಹೇಳಬೇಕಾದ ಉತ್ತರ ತುಟಿಗೆ ಬಂದು ಕೂತಿತ್ತು. ಅಮ್ಮಿ ನನ್ನ ಮುಂದೆ ನಿಂತಳು, ತಲೆಯ ಮೇಲಿನ ಸೆರಗು ಸರಿಮಾಡಿದಳು.

'ಫ್ರಿಜ್ಜಿನಾಗ ಹಾಲು ಐತಿ. ಕೆಡ್ತೈತಿ. ಹೋಗೂ ಮುಂದ ಒಯ್ಯಿ.'

ಅಷ್ಟು ಹೇಳಿ ಬಾಗಿಲಿನತ್ತ ತಿರುಗಿದಳು. ಅಲ್ಲಿ ಟಿಕೆಟ್ ನೋಡುತ್ತಿದ್ದ ಕಾವಲಿನವನ ಎದುರು ಕೈ ಜೋಡಿಸಿ 'ಬೇಟಾ, ಕಹಾ ಸುನಾ ಮಾಫ್ ಕರೋ' ಅಂದಳು. ಐದು ನಿಮಿಷದ ಹಿಂದೆ ಕಂಡ ಮನುಷ್ಯನಿಗೆ ಮಾಫಿ, ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಹಾಲು! ನನಗೆ ಮೈಯೆಲ್ಲ ಉರಿದುಹೋಯಿತು.

ಉತ್ತರ ಭಾರತದ ಕಡೆಯ ಆ ಕಾವಲಿನ ಹುಡುಗ ತಬ್ಬಿಬ್ಬಾದ. ಏನೂ ಮಾಡದವರು ಪೊಲೀಸರ ಹತ್ತಿರ ಮಾಫಿ ಯಾಕೆ ಕೇಳುತ್ತಾರೆ? ಅನುಮಾನ ಬಂದು ಅಮ್ಮಿಯ ಕೈಚೀಲ ಬಿಚ್ಚಿಸಿದ. ನಮಾಜಿಗೆ ಹಾಸುವ ಜಾನಮಾಜು, ಔಷಧಿ ಡಬ್ಬಿ, ಅದರ ಕೆಳಗೆ ಎರಡು ಕಿಲೋ ಕೆಂಪು ಖಾರದ ಪುಡಿ. ಬ್ಯಾಡಗಿಯಲ್ಲಿ ಹುಟ್ಟಿದವಳು ಮಕ್ಕಾಕ್ಕೆ ಹೋದರೂ ತನ್ನೂರ ಖಾರ ಬಿಟ್ಟು ಹೋಗುತ್ತಾಳೆಯೇ? ಖಾರದ ಪುಡಿ ಕೈಚೀಲದಲ್ಲಿ ಒಯ್ಯುವಂತಿಲ್ಲ, ಮನೆಯವರಿಗೆ ಕೊಟ್ಟು ಬಾ ಎಂದ ಅವನು.

ಅಮ್ಮಿ ಪೊಟ್ಟಣ ಹಿಡಿದು ಹಿಂದೆ ಬಂದಳು. ಹತ್ತು ಕೈಗಳು ಮುಂದೆ ಚಾಚಿದವು. ಎಲ್ಲವನ್ನೂ ದಾಟಿ ನನ್ನ ಕೈಗೇ ಕೊಟ್ಟಳು. ಇನ್ನು ನನಗೆ ತಡೆಯಲಾಗಲಿಲ್ಲ.

'ಎಲ್ಲಾರ್ನೂ ಕೇಳಿದಿ. ಆ ಪೊಲೀಸನ್ನೂ ಕೇಳಿದಿ. ನನ್ನೊಬ್ಬಾಕಿನ್ನ ಯಾಕ ಬಿಟ್ಟಿ?'

ಅಮ್ಮಿ ಸುತ್ತ ನೋಡಿದಳು. ದನಿ ತಗ್ಗಿಸಿದಳು. 'ಕೇಳಿದ್ರ ನೀ ಏನಂತಿದ್ದಿ?'

'ಮಾಫ್ ಮಾಡೇನಿ ಅಂತಿದ್ದೆ. ಇಷ್ಟು ಮಂದಿ ಮುಂದ ಮತ್ತೇನನ್ಲಿ?'

'ಅದಕ್ಕ ಕೇಳಲಿಲ್ಲ' ಅಂದಳು. 'ಮಕ್ಕಾಕ್ಕ ಹೊಂಟ ಮುದುಕಿಗೆ ಯಾರೂ ಇಲ್ಲ ಅನ್ನೂದಿಲ್ಲ. ಹಂಗ ನಿನ್ನ ಬಾಯಿ ಕಟ್ಟಿ ಮಾಫಿ ತಗೊಂಡ್ರ, ಅದು ಇನ್ನೊಮ್ಮೆ ಕಾಗದ ಮುಚ್ಚಿಟ್ಟಂಗ. ಅದರಾಗ ಏನ್ ಬರದಿತ್ತಂತ ನನಗ ಗೊತ್ತಿತ್ತು. ಓದಿಸಿ ಕೇಳೇ ಮುಚ್ಚಿಟ್ಟಿದ್ದೆ.'

ನಾನು ಕೇಳಿದೆ: 'ಮ್ಯಾಲಿನವ್ಗ ನಿನ್ನ ಉಮ್ರಾ ಕಬೂಲ್ ಆಗ್ಲಿಲ್ಲಂದ್ರ?'

'ಆಗ್ಲಿಲ್ಲಂದ್ರ ಇಲ್ಲ. ಬಂದ ಮ್ಯಾಲೆ ಕೇಳ್ತೇನಿ. ಆವಾಗ ಇಲ್ಲ ಅನ್ಬೇಕನಿಸಿದ್ರ ಅನ್ನು.'

ಕಾವಲಿನವನು ಅವಸರ ಮಾಡಿದ. ಅಮ್ಮಿ ಒಳಗೆ ಹೋದಳು. ಅವಳು ಬರುವವರೆಗೆ ನನಗೆ ಊಟ ಸೇರಲಿಲ್ಲ. ಫೋನ್ ಬಂದಾಗಲೆಲ್ಲ ಏನು ಸುದ್ದಿಯೋ ಎಂದು ಓಡಿಹೋಗಿ ಎತ್ತುತ್ತಿದ್ದೆ. ಅಲ್ಲಿ ಅವಳಿಗೆ ಏನಾದರೂ ಆಗಿಬಿಟ್ಟರೆ ಎಂದು ನೆನೆದು ಅತ್ತುಬಿಟ್ಟೆ, ಮರುಕ್ಷಣವೇ ಇಷ್ಟು ವರ್ಷ ಬಾಯಿ ಬಿಡದವಳ ಮೇಲೆ ಸಿಟ್ಟಾದೆ.

ಅಮ್ಮಿ ನೆಟ್ಟಗೆ ತಿರುಗಿ ಬಂದಳು. ವಾರ ಕಳೆದ ಮೇಲೆ ಒಬ್ಬಳೇ ಬಸ್ ಹಿಡಿದು ರಾಣೇಬೆನ್ನೂರಿಗೆ ಬಂದು, ಬಾಗಿಲು ಮುಂದೆ ಮಾಡಿ, ನನ್ನ ಎದುರು ಕೂತು ಕೇಳಿದಳು. ನಾನು ಇಲ್ಲ ಅಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. 'ಆತು' ಅಂದಳು ಅಮ್ಮಿ, ಸಂಜೆಯವರೆಗೆ ಇದ್ದು ನನ್ನ ಜೊತೆ ಅಕ್ಕಿ ಆರಿಸಿ ಹೋದಳು. ಮುಂದಿನ ತಿಂಗಳು ಮತ್ತೆ ಬಂದಳು, ಮತ್ತೆ ಕೇಳಿದಳು. ಈಗ ತಿಂಗಳಿಗೊಮ್ಮೆ ಬರುತ್ತಾಳೆ. ಕಾಗದ ಮುಚ್ಚಿಟ್ಟ ಆ ವರ್ಷದ ಒಂದೊಂದೇ ಮಾತು ತೆಗೆಯುತ್ತಾಳೆ. ನಾನು ಬೈಯುತ್ತೇನೆ, ಅವಳು ಕೇಳಿಸಿಕೊಳ್ಳುತ್ತಾಳೆ. ನನ್ನ ಸಿಟ್ಟು ಎಂದೋ ಇಳಿದುಹೋಗಿದೆ. ಹೂಂ ಅಂದರೆ ಎಲ್ಲಿ ಬರುವುದನ್ನು ಬಿಟ್ಟುಬಿಡುತ್ತಾಳೋ ಎಂದು ಇನ್ನೂ ಇಲ್ಲ ಅನ್ನುತ್ತಿದ್ದೇನೆ.