ಗೋಡೆಯ ಕಡೆಯ ಕಿವಿ

1987ರ ಬೇಸಿಗೆ. ಹೊಗೆಸೊಪ್ಪಿನ ಕೆಲಸವೆಲ್ಲ ಮುಗಿದು, ಕಬ್ಬಿಗೆ ನೀರು ಬಿಡುವುದೊಂದೇ ಉಳಿದಿದ್ದ ದಿನಗಳು. ನಿಪ್ಪಾಣಿ ಹತ್ತಿರದ ಅಕ್ಕೋಳಕ್ಕೆ ನಾನು ಸೊಸೆಯಾಗಿ ಬಂದು ಆಗ ಹನ್ನೆರಡು ವರ್ಷವಾಗಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಪಿಯಾನೋ ಪಕ್ಕ ನಿಂತು ಇಂಗ್ಲಿಷ್ ಹಾಡು ಹೇಳಿದವಳು ನಾನು. ಇಲ್ಲಿಗೆ ಬಂದ ಮೇಲೆ ನನ್ನ ಇಂಗ್ಲಿಷು ಔಷಧದ ಬಾಟಲಿ, ಗೊಬ್ಬರದ ಚೀಲ ಇವುಗಳ ಮೇಲೆ ಬರೆದದ್ದನ್ನು ಓದಿ ಹೇಳುವುದಕ್ಕಷ್ಟೇ ಉಳಿದಿತ್ತು. ಕಂಪ್ಲೇಂಟ್ ಮಾಡುತ್ತಿಲ್ಲ. ಮನೆಯವರು ಒಳ್ಳೆಯವರು. ಆದರೆ ದಣಿವು ಅಂತ ಒಂದಿರುತ್ತದೆ, ಮಲಗಿ ಎದ್ದರೂ ಹೋಗದಂಥದ್ದು.

ನನ್ನ ತಮ್ಮ ವಸಂತ ಸರಕು ಹಡಗಿನಲ್ಲಿ ರೇಡಿಯೋ ಆಫೀಸರ್. ಆ ವರ್ಷ ರಜೆಗೆ ಬಂದಾಗ ನನಗೊಂದು ವಾಕ್‌ಮನ್ ತಂದ. ಜೊತೆಗೆ ಎರಡು ಕ್ಯಾಸೆಟ್. ನೋಡಿದರೆ ಎರಡರ ಮೇಲೂ ಅದೇ ಬೂದುಬಣ್ಣದ ಚಿತ್ರ, ಅದೇ ಹೆಸರು.

"ಒಂದನ್ನ ಎರಡು ಸಲ ಯಾಕ ತಂದ್ಯೋ? ರೊಕ್ಕ ಹೆಚ್ಚಾಗ್ಯಾವೇನು?" ಅಂದೆ.

"ಅಕ್ಕಾ, ಹಂಗಲ್ಲ. ಪಂಕ್ ಅಂತ ಹಾಡಿನ ಒಂದು ದೊಡ್ಡ ಗದ್ದಲ ಇತ್ತಲ್ಲ, ಅದು ಮುಗದ ಮ್ಯಾಲ ಬಂದದ್ದು ಇದು, ಪೋಸ್ಟ್-ಪಂಕ್ ಅಂತಾರ. ಈ ಬ್ಯಾಂಡಿನ ಮೊದಲನೇ ಆಲ್ಬಮ್. ಇದು ಇಂಗ್ಲೆಂಡಿನದು, ಅವರು ತಾವು ಮಾಡಿದ್ದು. ಇದು ಅಮೆರಿಕಾದ್ದು. ಅಲ್ಲಿ ಕಂಪನಿಯವರು ಹಾಡಿನ ಕ್ರಮ ಬದಲಿ ಮಾಡಿ, ದನಿ ಎಲ್ಲಾ ತಿದ್ದಿ ತಗದಾರ. ಎರಡೂ ಕೇಳು, ಖರೇದು ಯಾವುದು ನೀನ ಹೇಳು" ಎಂದು ಹೇಳಿ ಮತ್ತೆ ಹಡಗಿಗೆ ಹೊರಟುಹೋದ.

ಬ್ಯಾಂಡಿನ ಹೆಸರು ಹೇಳಿದರೂ ನಿಮಗೆ ಗೊತ್ತಿರಲಿಕ್ಕಿಲ್ಲ, ಬಿಡಿ. ಒಬ್ಬ ಗಂಡಸು ನೋಟೀಸು ಓದಿದ ಹಾಗೆ ಹಾಡುತ್ತಾನೆ. ಗಿಟಾರು ಕಾದ ಹಂಚನ್ನು ಕೆರೆದಂತೆ ಕೇಳುತ್ತದೆ. ಹಿಂದಿನಿಂದ ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತ ತನ್ನಷ್ಟಕ್ಕೆ ಗುನುಗಿದ ಹಾಗೆ ಗುನುಗುತ್ತಾಳೆ. ಕಾನ್ವೆಂಟಿನ ನಮ್ಮ ಮ್ಯೂಸಿಕ್ ಸಿಸ್ಟರ್ ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಬಿಡಲಾಗದೆ ಹಿಡಿಸಿತು. ದಣಿದವರು ಯಾರೋ ದಣಿವನ್ನು ಮುಚ್ಚಿಡದೆ ಹಾಡುತ್ತಿದ್ದಾರೆ ಅನ್ನಿಸಿತು.

ಕೇಳಲು ಜೊತೆಯಾದವಳು ನನ್ನ ನಾದಿನಿ ಸುನಂದಾ. ಇಪ್ಪತ್ನಾಲ್ಕು ವರ್ಷ, ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಅವಳಿಗೆ ವರ ಹುಡುಕುತ್ತಿದ್ದರು. ಮಧ್ಯಾಹ್ನ ಊಟವಾಗಿ ಅತ್ತೆ ಅಡ್ಡಾದ ಮೇಲೆ ನಾವಿಬ್ಬರೂ ಅಟ್ಟದ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಹೆಡ್‌ಫೋನ್ ಒಂದೇ. ಅದರ ಎರಡೂ ಸ್ಪಂಜನ್ನು ಹೊರಮುಖ ಮಾಡಿ ತಿರುಗಿಸಿ, ನಮ್ಮಿಬ್ಬರ ತಲೆಯ ನಡುವೆ ಇಟ್ಟು, ತಲೆಗೆ ತಲೆ ಒತ್ತಿ ಕೂತರೆ ಒಬ್ಬೊಬ್ಬರಿಗೆ ಒಂದೊಂದು ಕಿವಿಯಷ್ಟು ಹಾಡು. ಸುನಂದಾ ಯಾವಾಗಲೂ ನನ್ನ ಎಡಕ್ಕೆ. ಅವಳ ಬಲಗಿವಿ, ನನ್ನ ಎಡಗಿವಿ.

ಜಗಳ ಶುರುವಾದದ್ದು ಅಲ್ಲಿಂದ.

"ಈ ಇಂಗ್ಲೆಂಡಿನದ್ರಾಗ ಆ ಹೆಣ್ಣುದನಿ ಎಷ್ಟು ಛಲೋ ಐತಲ್ಲ" ಎಂದೆ ಒಂದು ದಿನ.

"ಯಾವ ಹೆಣ್ಣುದನಿ ವೈನಿ? ಹೆಣ್ಣುದನಿ ಇರೂದು ಅಮೆರಿಕಾದ್ದರಾಗ. ಇದರಾಗ ಬರೇ ಆ ಗಂಡಸು ಮತ್ತ ಗಿಟಾರು."

"ಇಲ್ಲ ಬೇ, ಈಗ ಗುನುಗಾಕತ್ತಾಳ ನೋಡು."

"ನಿಮಗ ಹುಚ್ಚು ಹಿಡದೈತಿ. ನೀವಽ ಗುನುಗಾಕತ್ತೀರಿ."

"ನಾನ್ಸೆನ್ಸ್! ನನಗ ಗಿಟಾರೇ ಕೇಳವಲ್ದು, ನೀ ಗಿಟಾರು ಅಂತೀ."

ಹೀಗೆ ವಾರಗಟ್ಟಲೆ ನಡೆಯಿತು. ಇಬ್ಬರೂ ಸೇರಿ ಕೇಳುವುದೇ ರೂಢಿ, ಒಬ್ಬಳೇ ಎರಡೂ ಕಿವಿಗೆ ಹಾಕಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಅಮೆರಿಕದ ಕ್ಯಾಸೆಟ್ ಹಾಕಿದರೆ ಇಬ್ಬರಿಗೂ ಎಲ್ಲವೂ ಕೇಳುತ್ತಿತ್ತು. ಇಂಗ್ಲೆಂಡಿನದು ಹಾಕಿದರೆ ಇಬ್ಬರದು ಎರಡು ಆಲ್ಬಮ್. ಕಡೆಗೆ ಪಂಚಾಯ್ತಿ ಮಾಡಿಸೋಣವೆಂದು ಸಂತೆಯ ನೆಪ ಹೇಳಿ ಬಸ್ಸು ಹಿಡಿದು ನಿಪ್ಪಾಣಿಗೆ ಹೋದೆವು. ಅಲ್ಲಿ ಪೋಪಟರಾವ್ ಅಂತ ಒಬ್ಬರ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ. ಭಜನೆ, ಭಾವಗೀತೆ, ಲಾವಣಿ, ಏನು ಬೇಕಾದರೂ ತುಂಬಿಸಿ ಕೊಡುತ್ತಿದ್ದರು. ಅಂಗಡಿಯ ಎರಡು ಮೂಲೆಗೆ ಎರಡು ದೊಡ್ಡ ಸ್ಪೀಕರ್.

ಅವರು ಇಂಗ್ಲೆಂಡಿನ ಕ್ಯಾಸೆಟ್ ಹಾಕಿ ಸ್ವಲ್ಪ ಹೊತ್ತು ಕೇಳಿ ಮುಖ ಕಿವುಚಿದರು. "ಬಾಯಾರ, ಈ ಮನಿಷ್ಯಾ ಊಟ ಮಾಡಿಲ್ಲೇನ್ರಿ?"

"ಅದಿರಲಿ. ಹೆಣ್ಣುದನಿ ಐತೋ ಇಲ್ಲೋ ಹೇಳ್ರಿ."

"ಐತ್ರಿ, ಅಕಾ ಅಲ್ಲಿ, ಬಾಗಲಕಡೆ ಸ್ಪೀಕರ್‌ದಾಗ. ಗಿಟಾರು ಈ ಕಡಿದ್ರಾಗ. ಸ್ಟೀರಿಯೋ ಅಲ್ರೀ? ಗಂಡ ಹೆಂಡ್ತಿ ಜಗಳಾಡಿ ಒಬ್ಬೊಬ್ಬರು ಒಂದೊಂದು ಖೋಲ್ಯಾಗ ಕುಂತಂಗ ಕುಂತಾರ್ರಿ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಅಲ್ಲೇ ನಿಂತು ನಕ್ಕೆವು. ಒಂದು ಬೇಸಿಗೆಯಿಡೀ ಒಂದು ಆಲ್ಬಮನ್ನು ಅರ್ಧರ್ಧ ಹಂಚಿಕೊಂಡು ತಿಂದಿದ್ದೆವು, ಗೊತ್ತಿಲ್ಲದೆ! ಬಸ್ಸಿನಲ್ಲಿಯೂ ನಗುತ್ತಲೇ ಬಂದೆವು. ಸುನಂದಾ ನಕ್ಕದ್ದು ನನಗಿಂತ ಸ್ವಲ್ಪ ಕಡಿಮೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮರುದಿನ ಮೆಟ್ಟಿಲ ಮೇಲೆ ಕೂರುವಾಗ ನಾನೇ ಹೋಗಿ ಅವಳ ಎಡಕ್ಕೆ ಕೂತೆ. "ಇವತ್ತ ನಾ ಗಿಟಾರು ಕೇಳ್ತೀನಿ, ನೀ ಆಕೀನ್ನ ಕೇಳು" ಎಂದೆ.

"ಬ್ಯಾಡ ವೈನಿ, ಬೇಕಾದ್ರ ಹೆಡ್‌ಫೋನ್ ತಿರುವ್ರಿ. ನಾ ಆ ಕಡೇನ ಕೂಡ್ತೀನಿ."

"ಏ, ಕೂಡು ಸುಮ್ನ." ಸ್ಪಂಜನ್ನು ಅವಳ ಎಡಗಿವಿಗೆ ಒತ್ತಿದೆ. ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತಲೆದೂಗತೊಡಗಿದಳು. ಕಾಲ ಹೆಬ್ಬೆರಳಿನಿಂದ ಮೆಟ್ಟಿಲ ಮೇಲೆ ತಾಳ ಹಾಕಿದಳು. "ಹೂಂ ವೈನಿ, ಖರೇನ ಛಲೋ ಹಾಡ್ಯಾಳ" ಎಂದಳು.

ನಾನು ಇನ್ನೂ ಪ್ಲೇ ಒತ್ತಿರಲಿಲ್ಲ.

ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಅವಳು ಕಣ್ಣು ತೆರೆದು ನನ್ನ ಬೆರಳನ್ನು ನೋಡಿದಳು, ನನ್ನನ್ನು ನೋಡಿದಳು. ಕಾಲಿನ ತಾಳ ನಿಂತಿತು.

ಚಿಕ್ಕವಳಿದ್ದಾಗ ಅವಳ ಎಡಗಿವಿ ಸೋರುತ್ತಿದ್ದುದು ನನಗೆ ಗೊತ್ತಿತ್ತು. ಬೆಳ್ಳುಳ್ಳಿ ಎಣ್ಣೆ ಬಿಟ್ಟು ಅರಳೆ ಇಡುತ್ತಿದ್ದರು. ಆಮೇಲೆ ವಾಸಿಯಾಯಿತೆಂದು ಅತ್ತೆ ಹೇಳಿದ್ದರು. ವಾಸಿಯಾಗಿರಲಿಲ್ಲ. ಕೇಳುವುದು ಪೂರ್ತಿ ನಿಂತುಹೋಗಿ ಎಷ್ಟೋ ವರ್ಷವಾಗಿತ್ತು, ಈಗಲೂ ಆಗಾಗ ಸೋರುತ್ತಿತ್ತು. ಅದು ಅವಳಿಗೆ ಗೊತ್ತು, ಅವಳವ್ವನಿಗೆ ಗೊತ್ತು, ಮತ್ತೆ ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಬದುಕುವುದನ್ನು ಅವಳು ಕಲಿತಿದ್ದಳು. ಪಂಕ್ತಿಯಲ್ಲಿ ಎಡತುದಿಗೆ ಕೂರುವುದು, ಬಸ್ಸಿನಲ್ಲಿ ಎಡಗಿವಿ ಕಿಟಕಿಗೆ ಬರುವ ಸೀಟು ಹಿಡಿಯುವುದು, ಹರಟೆಯಲ್ಲಿ ಎಲ್ಲರೂ ನಕ್ಕರೆ ತಾನೂ ನಗುವುದು.

"ಮಲಗಿದ್ರೂ ಎಡ ಮಗ್ಗಲಽ ವೈನಿ" ಎಂದಳು. "ಕೇಳೂ ಕಿವಿ ಮ್ಯಾಲ ಇರಬೇಕು. ಯಾರರೆ ಕರದ್ರ ಓ ಅನಬೇಕಲ್ಲ. ಇಲ್ಲಂದ್ರ ಗೊತ್ತಾಗತೈತಿ. ನನಗ ನಿದ್ದಿ ಅಂದ್ರ ಏನಂತ ಮರತಽ ಹೋಗೈತಿ."

ಮುಂದಿನ ವಾರವೇ ರಾಯಬಾಗದಿಂದ ಅವಳನ್ನು ನೋಡಲು ಬರುವವರಿದ್ದರು. ಹುಡುಗ ಬ್ಯಾಂಕಿನಲ್ಲಿ ಕ್ಲಾರ್ಕು. ಒಳ್ಳೆಯ ಮನೆತನ. ನಾನು ಅತ್ತೆಯ ಹತ್ತಿರ ಹೋದೆ. ಅವರು ಶೇಂಗಾ ಆರಿಸುತ್ತಿದ್ದರು.

"ಅತ್ತಿ, ಸುನಂದಾನ ಕಿವಿ ಸಂಗತಿ ಅವರಿಗೆ ಮೊದಲ ಹೇಳೂದು ಛಲೋ ಅಲ್ಲೇನ್ರಿ?"

ಅವರು ಬೆಚ್ಚಲಿಲ್ಲ. ತಲೆ ಕೂಡ ಎತ್ತಲಿಲ್ಲ. "ಹೇಳಿ? ಹೇಳಿದ ಮ್ಯಾಲ ಯಾರ ಬರ್ತಾರವಾ? ನೋಡು, ಅಗ್ನಿ ಮುಂದ ಮದಲಗಿತ್ತಿನ್ನ ಮದಲಿಂಗನ ಯಾವ ಕಡೆ ಕುಂಡರಸ್ತಾರ?"

"ಎಡಕ್ಕ."

"ಎಡಕ್ಕ ಕುಂತ್ರ ಗಂಡನ ಕಡೆ ಬರೂದು ಬಲಗಿವಿ. ಕೇಳೂ ಕಿವಿ. ಪದ್ಧತಿ ಮಾಡಿದವರು ನನ್ನ ಮಗಳ ಸಲುವಾಗಿನ ಮಾಡ್ಯಾರ ಅನ್ಕೊಂಡೀನಿ. ಗಂಡನ ಮಾತು ಕೇಳಿದ್ರ ಸಾಕು, ಮಂದಿದು ಯಾಕ ಕೇಳಬೇಕು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ವರ್ಷ ಈ ಲೆಕ್ಕವನ್ನೇ ಹಾಕಿ ಹಾಕಿ ಸೋತ ತಾಯಿಯ ದನಿ ಅದು. ಹೊರಗೆ ಬಂದಾಗ ಬಾಗಿಲ ಹತ್ತಿರ ಸುನಂದಾ ನಿಂತಿದ್ದಳು. ಬಲಗಿವಿ ನಮ್ಮ ಕಡೆಗಿತ್ತು. "ಬಿಡ್ರಿ ವೈನಿ. ನನ್ನ ಬಾಯಿ ನನಗೈತಿ" ಎಂದಳು.

ರಾಯಬಾಗದವರು ಬಂದರು. ಹುಡುಗ, ಅವನ ತಂದೆತಾಯಿ, ಒಬ್ಬ ಸೋದರತ್ತೆ. ಅತ್ತೆ ಮಣೆಯನ್ನು ಅಳೆದು ಇಟ್ಟ ಹಾಗೆ ಇಟ್ಟಿದ್ದರು. ಸುನಂದಾಳ ಎಡಗಡೆ ಗೋಡೆ, ಬಲಗಡೆ ಬಂದವರು. ಎಲ್ಲ ಪ್ರಶ್ನೆಗಳೂ ಕೇಳುವ ಕಿವಿಯ ಕಡೆಯಿಂದಲೇ ಬರಬೇಕು. ಬಂದವು ಕೂಡ. ಏನು ಓದಿದ್ದೀ, ಅಡಿಗೆ ಬರುತ್ತದೆಯೇ, ಬಸದಿಗೆ ಹೋಗುತ್ತೀಯಾ. ಸುನಂದಾ ಚಂದಾಗಿ ಉತ್ತರ ಕೊಟ್ಟಳು. ಹುಡುಗ ಒಳ್ಳೆಯವನೇ ಇದ್ದ, ನೆಲ ನೋಡುತ್ತ ಒಂದೆರಡು ಸಲ ನಕ್ಕ. ಅತ್ತೆಯ ಮುಖ ಸಡಿಲವಾಯಿತು. ನಾನು ಅವಲಕ್ಕಿ ತಟ್ಟೆ ಹಂಚುತ್ತಿದ್ದೆ.

ಆಗ ಸೋದರತ್ತೆ ಎದ್ದರು. ಸೀರೆಯ ಸೆರಗು ನೋಡುವ ನೆಪವೋ, ಬೆನ್ನು ಆನಿಸುವ ಆಸೆಯೋ, ಹೋಗಿ ಸುನಂದಾಳಿಗೂ ಗೋಡೆಗೂ ನಡುವೆ ತೂರಿಕೊಂಡು ಕೂತರು. ಕೂತವರೇ ಬಗ್ಗಿ ಮೆಲ್ಲಗೆ ಏನೋ ಕೇಳಿದರು. ಸುನಂದಾ ಮುಂದಕ್ಕೆ ನೋಡುತ್ತಲೇ ಇದ್ದಳು. ಮತ್ತೆ ಕೇಳಿದರು. ಅವಳು ಅಲುಗಲಿಲ್ಲ. ನನ್ನ ಕೈಯ ತಟ್ಟೆ ಅಲ್ಲೇ ನಿಂತಿತು.

ಸೋದರತ್ತೆ ಎಲ್ಲರಿಗೂ ಕೇಳುವ ಹಾಗೆ ಅಂದರು, "ಯವ್ವಾ, ಏನ ಸೊಕ್ಕ ಅಂತೀನಿ ಹುಡಿಗೀದು! ಕೇಳಿದ್ರ ಮುಖಾ ಸೈತ ತಿರುಗಿಸವಲ್ದು!"

"ನಾಚಕೊಂಡಾಳ್ರಿ" ಎಂದು ಅತ್ತೆ ಅವಸರದಿಂದ ಅಂದರು.

ಸುನಂದಾ ಮೆಲ್ಲಗೆ ಪೂರ್ತಿ ಹೊರಳಿ ಅವರ ಮುಖ ನೋಡಿದಳು. "ಸೊಕ್ಕಲ್ರಿ ಅತ್ಯಾ, ನಾಚಿಕೀನೂ ಅಲ್ಲ. ನನ್ನ ಎಡಗಿವಿ ಕೇಳೂದಿಲ್ರಿ. ಸಣ್ಣಾಕಿ ಇದ್ದಾಗಿಂದ ಸೋರತೈತಿ. ಈ ಕಡೆ ಬಂದು ಕೇಳ್ರಿ, ಏನ ಕೇಳಿದ್ರೂ ಹೇಳ್ತೀನಿ."

ಅಂಗಳದಲ್ಲಿ ಎಮ್ಮೆ ಸರಪಳಿ ಎಳೆದ ಸಪ್ಪಳ ಒಳಗೆ ಕೇಳಿತು. ಹುಡುಗ ಮೊದಲ ಸಲ ತಲೆ ಎತ್ತಿ ಅವಳನ್ನು ನೇರವಾಗಿ ನೋಡಿದ. ಏನೋ ಅನ್ನಬೇಕೆಂದು ಬಾಯಿ ತೆರೆದ. ಅವನ ತಂದೆ ಗಂಟಲು ಸರಿಮಾಡಿಕೊಂಡರು, ಅವನು ಬಾಯಿ ಮುಚ್ಚಿದ. ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೇಳಿ, ಹೊತ್ತಿರುವಾಗಲೇ ಹೊರಟರು. ಕೆಲವು ದಿನಗಳ ಮೇಲೆ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು. ಜಾತಕ ಕೂಡಿದ ಮೇಲೆಯೇ ಅವರು ನೋಡಲು ಬಂದದ್ದು.

ಆದರೆ ಬಾಯಿಬಿಟ್ಟು ಹೇಳಿದ್ದಾಗಿತ್ತಲ್ಲ, ಇನ್ನು ಮುಚ್ಚಿಡುವುದೇನಿತ್ತು? ನನ್ನ ಗಂಡ ತಂಗಿಯನ್ನು ಮಿರಜದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಿವಿಯ ಹಿಂದಿನ ಎಲುಬಿಗೆ ಆಗಲೇ ನಂಜು ಇಳಿದಿದೆ, ಇನ್ನಷ್ಟು ತಡಮಾಡಿದ್ದರೆ ತಲೆಗೇ ಹೋಗುತ್ತಿತ್ತು ಎಂದು ಡಾಕ್ಟರು ಬೈದು ಆಪರೇಶನ್ ಮಾಡಿದರು. ಸೋರುವುದು ನಿಂತಿತು. ಕೇಳುವುದು ಮರಳಿ ಬರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು.

ಒಂದೆರಡು ವರ್ಷದ ಮೇಲೆ, ಎಲ್ಲವನ್ನೂ ಮೊದಲೇ ಹೇಳಿ, ಕಾಗವಾಡಕ್ಕೆ ಅವಳನ್ನು ಕೊಟ್ಟೆವು. ಹುಡುಗನದು ಅಡತ್ತಿ ವ್ಯಾಪಾರ, ಮಾರ್ಕೆಟ್ಟಿನಲ್ಲಿ ಸವಾಲು ಕೂಗಿ ಕೂಗಿ ದೊಡ್ಡ ಗಂಟಲು. ಮದುವೆಯಲ್ಲಿ ಪಂಡಿತರು "ಇನ್ನ ಎಡಕ್ಕ ಬಾರವಾ" ಅಂದಾಗ ಸುನಂದಾ ಬಾಸಿಂಗದ ಸಂದಿಯಿಂದ ನನ್ನನ್ನು ನೋಡಿ ಒಂದು ಕಿರುನಗೆ ನಕ್ಕಳು.

ಗಂಡನ ಮನೆಗೆ ಹೋಗುವಾಗ ಅವಳು ನನ್ನಿಂದ ಒಂದು ಕ್ಯಾಸೆಟ್ ಕೇಳಿ ಇಸಿದುಕೊಂಡಳು. ಅದು ವಸಂತ ತಂದ ಎರಡರಲ್ಲಿ ಯಾವುದೂ ಅಲ್ಲ. ಆಪರೇಶನ್ ಆದ ಮೇಲೆ ನಾನು ಪೋಪಟರಾವ್ ಹತ್ತಿರ ಹೋಗಿ, ಇಂಗ್ಲೆಂಡಿನ ಕ್ಯಾಸೆಟ್ಟಿನ ಎರಡೂ ಕಡೆಯ ದನಿ ಒಂದರಲ್ಲೇ ಬರುವ ಹಾಗೆ ಕೂಡಿಸಿ ತುಂಬಿಸಿ ಕೊಡಿ ಎಂದು ಕೇಳಿದ್ದೆ. "ಸ್ಟೀರಿಯೋ ಇದ್ದದ್ದನ್ನ ಮೋನೋ ಮಾಡೂದಾ? ಬಾಸುಂದಿಗೆ ನೀರು ಹಾಕು ಅಂದಂಗಾತ್ರಿ ಬಾಯಾರ" ಎಂದು ಗೊಣಗುತ್ತಲೇ ಮಾಡಿಕೊಟ್ಟಿದ್ದರು. ಅದನ್ನು ಬಲಗಿವಿಗೆ ಇಟ್ಟುಕೊಂಡು ಕೇಳಿದ ದಿನ ಸುನಂದಾ, "ಅಯ್ಯ, ಪಾಪ, ಇಷ್ಟ ದಿನಾ ಇಲ್ಲೇ ಇದ್ದಳಲ್ರೀ ಆಕಿ" ಎಂದಿದ್ದಳು.

ವಸಂತ ಮುಂದಿನ ರಜೆಗೆ ಬಂದಾಗ ಅದನ್ನು ಕೇಳಿ ತಲೆ ಚಚ್ಚಿಕೊಂಡ. "ಅಕ್ಕಾ, ದಿಸ್ ಈಸ್ ಮರ್ಡರ್! ಒರಿಜಿನಲ್ ಹಾಳ ಮಾಡಿಸೀದಿ." ಇರಬಹುದು. ಖರೇದು ಯಾವುದು ಎಂದು ಕೇಳಿದ್ದೆಯಲ್ಲ, ನನಗೆ ಇದೇ ಖರೇದು ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ.

ಈಗ ನನಗೆ ವಯಸ್ಸಾಯಿತು. ವಾಕ್‌ಮನ್ ಎಂದೋ ಕೆಟ್ಟಿದೆ, ಆ ಹಾಡುಗಳ ಒಂದು ಸಾಲೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ರಾಯಬಾಗದವರು ಎದ್ದುಹೋದ ಆ ಸಂಜೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ನಮ್ಮ ಜೈನರ ಮನೆಯ ಪದ್ಧತಿ. ತಾಟು ಹಾಕಿ ಅತ್ತೆ ಅಡಿಗೆಮನೆಯಿಂದ ಕರೆದರು, "ಸುನಂದಾ, ಏ ಸುನಂದಾ!" ಉತ್ತರವಿಲ್ಲ. ಸಿಟ್ಟಿನಿಂದ ಮತ್ತೆ ಕರೆದರು. ನಾನು ನಡುಮನೆಗೆ ಹೋಗಿ ನೋಡಿದೆ. ಅವಳು ಹೊಸ ಸೀರೆಯಲ್ಲೇ ಚಾಪೆಯ ಮೇಲೆ ಮಲಗಿದ್ದಳು. ಬಲ ಮಗ್ಗುಲಿಗೆ. ಕೇಳುವ ಕಿವಿಯನ್ನು ದಿಂಬಿನಲ್ಲಿ ಒತ್ತಿಕೊಂಡು, ಬಾಯಿ ಸ್ವಲ್ಪ ತೆರೆದು, ಚಿಕ್ಕ ಮಗುವಿನ ಹಾಗೆ ನಿದ್ದೆ ಹೋಗಿದ್ದಳು. ಹಿಂದಿನಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತರು. ಮತ್ತೊಮ್ಮೆ ಕರೆಯಲು ಬಾಯಿ ತೆರೆದವರು, ಮಗಳು ಮಲಗಿದ ಮಗ್ಗುಲನ್ನು ನೋಡಿದರು. ಒಳಗೆ ಹೋಗಿ ಅವಳ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟರು.

ಹೊತ್ತು ಮುಳುಗಿತು. ಅವಳನ್ನು ಯಾರೂ ಎಬ್ಬಿಸಲಿಲ್ಲ.